ಮಡಿಯ ಗಳದ ಕಡೆ ತಿರುಗಿದ ಕ್ಯಾಮೆರಾ

ಹನುಮಾನ್ ಘಾಟಿನ ಗಲ್ಲಿಗಳಲ್ಲಿ ಮಂಗಗಳ ಕಾಟ ಹೇಳತೀರದು. ಒಣಹಾಕಿದ ಸೀರೆ, ಯಾತ್ರಿಕರ ಕನ್ನಡಕ, ನೈವೇದ್ಯದ ಬಾಳೆಹಣ್ಣು, ಅವಕ್ಕೆ ಯಾವುದಾದರೂ ಆದೀತು. ಆದರೆ ಜಯತೀರ್ಥಾಚಾರ್ಯರ ಯಾತ್ರಿ ನಿವಾಸದಿಂದ ತಾಮ್ರದ ಕೊಡಗಳು ಕಾಣೆಯಾದಾಗ ಯಾರೂ ಮಂಗಗಳ ಮೇಲೆ ಹೊರಿಸಲಿಲ್ಲ. ಕೊಡ ಹೊತ್ತುಕೊಂಡು ಗೋಡೆ ಹಾರುವ ಮಂಗ ಕಾಶಿಯಲ್ಲೂ ಇನ್ನೂ ಹುಟ್ಟಿಲ್ಲ.

"ಕ್ಯಾಮೆರಾ ಹಾಕಸ್ತೀನಿ," ಎಂದರು ಆಚಾರ್ಯರು.

ಮಾರನೆಯ ದಿನವೇ ಊರಿನ ಲಂಕಾ ಬಡಾವಣೆಯ ಒಂದು ಅಂಗಡಿಯಿಂದ ಮನುಷ್ಯ ಬಂದ. ಸುತ್ತಲೂ ಕತ್ತು ತಿರುಗಿಸುವ, ಬಲ್ಬಿನಂಥ ಕ್ಯಾಮೆರಾವನ್ನು ಒಳ ಅಂಗಳದ ಕಂಬಕ್ಕೆ ಬಿಗಿದ. ಆಚಾರ್ಯರ ಮೊಬೈಲು ಇಸಿದುಕೊಂಡು ಏನೇನೋ ಒತ್ತಿದ. "ಪಂಡಿತ್‌ಜೀ, ಆಪ್ ಚಿಂತಾ ಮತ್ ಕೀಜಿಯೇ, ಸಬ್ ಹಮ್ ಕರ್ ದಿಯೇ ಹೈಂ," ಎಂದ. ಎಲ್ಲವನ್ನೂ ಅವನೇ ಮಾಡಿಕೊಟ್ಟನೆಂದು ಆಚಾರ್ಯರಿಗೆ ಖುಷಿಯೋ ಖುಷಿ. ಮಜ್ಜಿಗೆ ಕೊಟ್ಟು ಕಳಿಸಿದರು.

ಅವರ ಹೆಂಡತಿ ವಸುಮತಿಬಾಯಿಗೆ ಮಾತ್ರ ಅದು ಮೊದಲ ದಿನದಿಂದಲೇ ಸರಿಬರಲಿಲ್ಲ. ಅವರ ಸ್ವಭಾವವೇ ಹಾಗೆ. ಹಾಲಿನವನ ಮೇಲೂ ಅನುಮಾನ, ಗ್ಯಾಸ್ ತರುವವನ ಮೇಲೂ ಅನುಮಾನ. ಮಿಕ್ಸರ್ ಕೊಂಡ ದಿನ ಒಳಗಿನ ಮೋಟಾರು ಹೊಸದೋ ಹಳೆಯದೋ ಎಂದು ಅಂಗಡಿಯವನ ಕೈಯಲ್ಲೇ ಬಿಚ್ಚಿಸಿ ನೋಡಿದವರು. ಅದಕ್ಕೇ ಕ್ಯಾಮೆರಾದ ಬಗ್ಗೆ ಅವರು ಗೊಣಗಿದಾಗ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಅಂಗಳದ ಹಿಂಬದಿಯ ಮೂಲೆಯಲ್ಲಿ ಒಂದು ಬಿದಿರ ಗಳ ತೂಗುಬಿಟ್ಟಿತ್ತು. ಮಡಿಬಟ್ಟೆ ಒಣಗುವ ಜಾಗ ಅದು. ಮಡಿ ಎಂದಮೇಲೆ ಯಾರೂ ಮುಟ್ಟುವಂತಿಲ್ಲ, ಗಂಡಸರು ಅತ್ತ ಸುಳಿಯುವಂತಿಲ್ಲ. ಹೀಗಾಗಿ ಗಂಗಾಸ್ನಾನ ಮುಗಿಸಿ ಒದ್ದೆ ಸೀರೆಯಲ್ಲಿ ಬರುವ ಹೆಂಗಸರು ಆಚಾರ್ಯರ ಅಜ್ಜನ ಕಾಲದಿಂದಲೂ ಅಲ್ಲೇ, ಇಳಿಬಿಟ್ಟ ಸೀರೆಗಳ ಮರೆಯಲ್ಲಿ ನಿಂತು ಬಟ್ಟೆ ಬದಲಿಸುತ್ತಿದ್ದರು. ಮಡಿಯ ಗಳಕ್ಕಿಂತ ಸುರಕ್ಷಿತ ಜಾಗ ಆ ಮನೆಯಲ್ಲಿ ಇನ್ನೊಂದಿರಲಿಲ್ಲ.

ಒಂದು ಬೆಳಗ್ಗೆ ವಸುಮತಿಬಾಯಿ ಮಡಿಕೋಲಿನಿಂದ ಸೀರೆ ಎಳೆದುಕೊಳ್ಳುತ್ತ ತಲೆಯೆತ್ತಿದರು. ಬಾಗಿಲ ಕಡೆ ಇರಬೇಕಾದ ಕ್ಯಾಮೆರಾದ ಮುಖ ನೇರವಾಗಿ ತಮ್ಮತ್ತಲೇ ಇತ್ತು.

"ಏನ್ರಿ, ಇದು ಇತ್ತಾಗ ಯಾಕ ತಿರುಗೇದ?"

"ಮಂಗ್ಯಾ ತಿರುಗಿಸಿರಬೇಕು," ಎಂದು ಆಚಾರ್ಯರು ನಕ್ಕು, ಮೊಬೈಲಿನಿಂದಲೇ ಅದನ್ನು ಬಾಗಿಲಿಗೆ ತಿರುಗಿಸಿದರು.

ಮರುದಿನ ಅದು ಮತ್ತೆ ಗಳದ ಕಡೆ ನೋಡುತ್ತಿತ್ತು.

"ಅದು ಆಟೋಮ್ಯಾಟಿಕ್ ಅದ. ಎಲ್ಲೆ ಅಲುಗಾಡ್ತದ, ಅಲ್ಲೆ ನೋಡ್ತದ," ಎಂದರು ಆಚಾರ್ಯರು.

"ಹಂಗಾದ್ರ ತುಳಸಿಕಟ್ಟಿ ಮ್ಯಾಲ ದಿನಾ ಮಂಗ್ಯಾ ಕುಣೀತಾವಲ್ಲ, ಅತ್ತಾಗ ಯಾಕ ನೋಡಂಗಿಲ್ಲ?"

ಆಚಾರ್ಯರಿಗೆ ಸಿಟ್ಟು ಬಂತು. "ನಿನಗ ದೇವರ ಮ್ಯಾಲೂ ಅನುಮಾನ! ಕಳ್ಳರನ್ನ ಹಿಡೀಲಿಕ್ಕೆ ತಂದದ್ದನ್ನೂ ಕಳ್ಳ ಅಂತೀ."

ಆ ಮಾತು ವಸುಮತಿಬಾಯಿಗೆ ಚೆನ್ನಾಗಿಯೇ ನಾಟಿತು. ಅವರು ಆ ಗಳವನ್ನು ಬಿಚ್ಚಿ, ಅಂಗಳದ ಇನ್ನೊಂದು ತುದಿಗೆ, ಅಡುಗೆಮನೆಯ ಗೋಡೆಯ ಬಳಿ ಕಟ್ಟಿಸಿದರು. ಕ್ಯಾಮೆರಾ ಏನು ಮಾಡುತ್ತದೋ ನೋಡೋಣ ಎಂದು.

ಬೆಳಗಾಗುವಷ್ಟರಲ್ಲಿ ಅದು ಅಡುಗೆಮನೆಯ ಗೋಡೆಯನ್ನು ನೋಡುತ್ತಿತ್ತು.

ಈಗ ಅವರಿಗೆ ನಿಜವಾಗಿ ಹೆದರಿಕೆಯಾಯಿತು. ಇಷ್ಟು ದಿನ ತನ್ನನ್ನು ಯಾರೋ ನೋಡಿದರೇ? ಅದಕ್ಕಿಂತ ಹೆಚ್ಚಾಗಿ, ಗದಗಿನಿಂದ ಬಂದ ಹೆಂಗಸರ ತಂಡ ನಿನ್ನೆಯಷ್ಟೇ ಮನೆಯಲ್ಲಿ ಇಳಿದಿತ್ತು. ನಿನ್ನೆ ಸಂಜೆ ಅವರೂ ಅದೇ ಗಳದ ಹಿಂದೆ ನಿಂತಿದ್ದರು. ಈಗ ಮತ್ತೆ ಸ್ನಾನಕ್ಕೆಂದು ಘಾಟಿಗೆ ಇಳಿದಿದ್ದಾರೆ. ಇನ್ನು ಸ್ವಲ್ಪ ಹೊತ್ತಿಗೆ ಬಂದುಬಿಡುತ್ತಾರೆ.

ವಸುಮತಿಬಾಯಿ ದಡದಡ ಮಹಡಿ ಹತ್ತಿದರು. ಮೇಲೆ ಚಿತ್ರಾ ಬಾಡಿಗೆಗಿದ್ದಳು. ಹುಬ್ಬಳ್ಳಿಯವಳು, ಬ್ಯಾಂಕಿನ ಕೆಲಸದಲ್ಲಿ ಇಲ್ಲಿಗೆ ವರ್ಗವಾಗಿ ಬಂದವಳು. ಭಾನುವಾರವಾದ್ದರಿಂದ ಮನೆಯಲ್ಲೇ ಇದ್ದಳು.

"ಕಾಕು, ಕೆಲವು ಕ್ಯಾಮೆರಾ ಅಲುಗಾಡೋದರ ಹಿಂದ ತಾವಾಗೇ ತಿರುಗ್ತಾವ. ಕಾಕಾ ಹೇಳಿದ್ದೂ ಖರೆ ಇರಬಹುದು," ಎಂದಳು ಚಿತ್ರಾ. "ಆದ್ರ ಆ ತಿರುಗೋದನ್ನ ಬಂದ್ ಮಾಡಿ ನೋಡಲಿಕ್ಕೆ ಬರ್ತದ. ನಡೀರಿ."

ಕೆಳಗೆ ಬಂದು ಅವಳು ಆಚಾರ್ಯರ ಮೊಬೈಲಿನಲ್ಲಿ ಆ ಸೌಲಭ್ಯವನ್ನು ನಿಲ್ಲಿಸಿದಳು. ಕ್ಯಾಮೆರಾವನ್ನು ಬಾಗಿಲಿಗೆ ತಿರುಗಿಸಿ, ಮೊಬೈಲನ್ನು ಪಡಸಾಲೆಯ ಚಾಪೆಯ ಮೇಲಿಟ್ಟಳು. ಮೂವರೂ ಸುತ್ತ ಕೂತು ನೋಡಿದರು. ಪರದೆಯಲ್ಲಿ ಖಾಲಿ ಬಾಗಿಲು. ಆಚಾರ್ಯರ ಮುಖದಲ್ಲಿ ಗೆದ್ದೆನೆಂಬ ನಗು ಮೂಡುತ್ತಿತ್ತು.

ಅಷ್ಟರಲ್ಲಿ ಗಲ್ಲಿಯಿಂದ ಹೆಂಗಸರ ಮಾತು ಕೇಳಿಸಿತು. ಬಾಗಿಲಲ್ಲಿ ಒದ್ದೆ ಸೀರೆಯ ಅಂಚು ಕಂಡಿತು. ಪರದೆಯ ಚಿತ್ರ ತಾನಾಗಿಯೇ ಸರಿಯತೊಡಗಿತು. ಬಾಗಿಲು ಹೋಯಿತು, ತುಳಸಿಕಟ್ಟೆ ಬಂತು, ಅದೂ ಹೋಗಿ ಅಡುಗೆಮನೆಯ ಗೋಡೆ ಬಂತು. ಮಡಿಯ ಗಳದ ಮೇಲೆ ನಿಂತಿತು. ಆಮೇಲೆ ಗಳ ದೊಡ್ಡದಾಗುತ್ತ ಹತ್ತಿರ ಬಂತು.

ಮೊಬೈಲನ್ನು ಯಾರೂ ಮುಟ್ಟಿರಲಿಲ್ಲ.

ವಸುಮತಿಬಾಯಿ ಓಡಿಹೋಗಿ ಕ್ಯಾಮೆರಾದ ಪ್ಲಗ್ ಕಿತ್ತರು. "ನಿಲ್ಲರಿ! ಅಲ್ಲೆ ಹೋಗಬ್ಯಾಡ್ರಿ, ಒಳಗ ಕೋಣಿಗೆ ನಡೀರಿ!" ಎಂದು ಒದ್ದೆ ಸೀರೆಯ ಹೆಂಗಸರನ್ನು ಒಳಗೆ ಕಳಿಸಿದರು. ಮಡಿ ಮೈಲಿಗೆ ಎಂದು ಯೋಚಿಸುವಷ್ಟು ಪುರುಸೊತ್ತೂ ಅವರಿಗಿರಲಿಲ್ಲ.

ಚಿತ್ರಾ ಮೊಬೈಲಿನಲ್ಲಿ ಕ್ಯಾಮೆರಾದ ಖಾತೆಯ ಪುಟ ತೆರೆದಳು.

"ಕಾಕಾ, ಈ ಕ್ಯಾಮೆರಾದ ಮಾಲಕರು ನೀವಲ್ಲ."

"ರೊಕ್ಕ ಕೊಟ್ಟಾಂವ ನಾನು!"

"ರೊಕ್ಕ ನಿಮ್ಮದು. ಖಾತೆ ಬ್ಯಾರೆಯವರ ನಂಬರಿನ ಮ್ಯಾಲ ಅದ. ಅವರು ನೋಡಲಿಕ್ಕೆ ಬಿಟ್ಟಾರಂತ ನೀವು ನೋಡ್ತೀರಿ, ಅಷ್ಟ. ಹಾಕಿಕೊಟ್ಟಾಂವನ ನಂಬರು ಯಾವುದದ?"

ಹೋಲಿಸಿ ನೋಡಿದರು. ಅದೇ ನಂಬರು. ಆಚಾರ್ಯರು ಕ್ಯಾಮೆರಾದತ್ತ ನುಗ್ಗಿದರು. "ಇದನ್ನ ಕಿತ್ತು ಗಂಗೀಗೆ ಒಗೀತೀನಿ! ಅವನಿಗೆ ಫೋನ್ ಹಚ್ಚು!"

"ಎರಡೂ ಬ್ಯಾಡ ಕಾಕಾ. ಫೋನ್ ಹಚ್ಚಿದ್ರ ಅವ ಎಲ್ಲಾ ಅಳಿಸಿಬಿಡ್ತಾನ. ಕ್ಯಾಮೆರಾ ಒಗದ್ರ ಸಾಕ್ಷಿ ಹೋಗ್ತದ. ಪ್ಲಗ್ ತಗದಾರ ಕಾಕು, ಸದ್ಯಕ್ಕ ಅಷ್ಟು ಸಾಕು. ಒಳಗಿನ ಮೆಮೊರಿ ಕಾರ್ಡೂ ಹಂಗ ಇರಲಿ. ಈ ನಂಬರು ಕಾಣೋ ಪುಟದ ಸ್ಕ್ರೀನ್‌ಶಾಟ್ ತಗೋತೀನಿ. ಬಟ್ಟಿ ಬದಲಿಸೋ ಹೆಂಗಸರನ್ನ ಕದ್ದು ನೋಡೋದು, ಚಿತ್ರ ತಗಿಯೋದು, ಹಂಚೋದು ಕಾನೂನಿನ ಪ್ರಕಾರ ಅಪರಾಧ. ಜೈಲದ. ಠಾಣೆಗೆ ಹೋಗೋಣ."

ಆಚಾರ್ಯರು ತಲೆ ತಗ್ಗಿಸಿದರು. ಆಮೇಲೆ ದನಿ ತಗ್ಗಿಸಿ, "ಗದಗಿನವರಿಗೆ ಹೇಳೋದು ಬ್ಯಾಡ. ಮನಿ ಹೆಸರು ಹೋಗ್ತದ. ನಾಳೆ ಯಾವ ಯಾತ್ರಿಕರು ಬರ್ತಾರ?" ಎಂದರು.

"ನೋಡಿದ್ದು ಅವರ ಮೈ," ಎಂದರು ವಸುಮತಿಬಾಯಿ. "ನಮ್ಮ ಮನಿ ಅಂತ ನಂಬಿ ಸೆರಗು ತಗದಾರ. ಅವರಿಗೆ ಹೇಳಲಾರದ ಉಳಿಸ್ಕೊಂಡ ಹೆಸರಿನ ಮನಿಯೊಳಗ ನಾ ಅಡಗಿ ಮಾಡಂಗಿಲ್ಲ."

ಕೊನೆಗೆ ಆಚಾರ್ಯರೇ ಎದ್ದು ಹೋಗಿ, ತಂಡದ ಹಿರಿಯಳಾದ ಶ್ರೀರಮಾಬಾಯಿಯ ಮುಂದೆ ಕೈಮುಗಿದು ನಿಂತು ಎಲ್ಲವನ್ನೂ ಹೇಳಿದರು. "ಇಕಿ ಹೇಳಿದ್ಲು, ನಾ ನಕ್ಕೆ," ಎಂದೂ ಹೇಳಿದರು.

ಶ್ರೀರಮಾಬಾಯಿ ಕೂಗಾಡಿದರು, ಅತ್ತರು. "ನಮ್ಮ ಚಿತ್ರ ಈಗ ಎಲ್ಲೆಲ್ಲೆ ಹೋಗ್ಯಾವೋ?" ಎಂದು ಕೇಳಿದರು. ಆಮೇಲೆ ಕಣ್ಣೊರೆಸಿಕೊಂಡು ಶ್ರೀರಮಾಬಾಯಿ ಚಪ್ಪಲಿ ಮೆಟ್ಟಿದರು. "ನಡೀರಿ ವಸುಮತಿಬಾಯಿ, ಠಾಣೆಗೆ. ಸಹಿ ನಾನೂ ಮಾಡ್ತೀನಿ. ಮುಚ್ಚಿಟ್ಟಿದ್ರ ನಿಮ್ಮನ್ನ ಎಂದೂ ಕ್ಷಮಿಸ್ತಿರಲಿಲ್ಲ."

ಪೊಲೀಸರು ಕ್ಯಾಮೆರಾವನ್ನೂ ಕಾರ್ಡನ್ನೂ ವಶಕ್ಕೆ ತೆಗೆದುಕೊಂಡರು. "ಸರ್ವಿಸ್ ಕೆ ಲಿಯೇ ರಖಾ ಥಾ," ಖಾತೆಯನ್ನು ರಿಪೇರಿಗೆಂದು ಇಟ್ಟುಕೊಂಡಿದ್ದೆ ಎನ್ನುತ್ತಿದ್ದಾನಂತೆ ಆ ಮನುಷ್ಯ. ಅವನ ಖಾತೆಯಲ್ಲಿ ಇನ್ನೂ ಎಷ್ಟು ಮನೆಗಳ ಅಂಗಳವಿದೆ ಎಂದು ತನಿಖೆ ನಡೆದಿದೆ.

ಆಚಾರ್ಯರ ಮನೆಯಲ್ಲಿ ಈಗಲೂ ಒಂದು ಕ್ಯಾಮೆರಾ ಇದೆ. ಹೊರಬಾಗಿಲಲ್ಲಿ, ಗಲ್ಲಿಯ ಕಡೆ ಮುಖಮಾಡಿ. ಖಾತೆ ವಸುಮತಿಬಾಯಿಯ ನಂಬರಿನಲ್ಲಿದೆ. ಪಾಸ್‌ವರ್ಡ್ ಅವರೇ ಹಾಕಿದ್ದು, ಗಂಡನಿಗೂ ಹೇಳಿಲ್ಲ. ಆಚಾರ್ಯರು ಕೇಳುವ ಗೋಜಿಗೂ ಹೋಗಿಲ್ಲ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಈ ಹಾಳೆಯನ್ನು ಕೆಳಗಿಡುವ ಮೊದಲು ನಿಮ್ಮ ಮನೆಯ ಕ್ಯಾಮೆರಾದ ಖಾತೆ ತೆರೆದು ನೋಡಿ. ಮಾಲೀಕರ ಜಾಗದಲ್ಲಿ ಯಾರ ನಂಬರಿದೆ? ಮತ್ಯಾರಿಗೆಲ್ಲ ಹಂಚಿಕೆಯಾಗಿದೆ? ಹಾಕಿಕೊಡಲು ಬಂದವರ ಕೈಗೆ ಮೊಬೈಲು ಕೊಡಬೇಡಿ. ಕೇಳಿ ಕೇಳಿ ನೀವೇ ಒತ್ತಿ. ಪೆಟ್ಟಿಗೆಯ ಜೊತೆ ಬಂದ ಪಾಸ್‌ವರ್ಡನ್ನು ಅಂದೇ ಬದಲಿಸಿ. ಮಲಗುವ, ಮೀಯುವ, ಬಟ್ಟೆ ಬದಲಿಸುವ ಜಾಗದತ್ತ ತಿರುಗಬಲ್ಲ ಕ್ಯಾಮೆರಾವನ್ನು ಹಾಕಲೇಬೇಡಿ. ಎಲ್ಲಿ ಹಾಕಬೇಕೆಂದು ಮನೆಯ ಹೆಂಗಸರನ್ನು ಕೇಳಿ. ಮೋಸವಾಗಿದೆ ಎನಿಸಿದರೆ ಏನನ್ನೂ ಅಳಿಸದೆ ಹತ್ತಿರದ ಠಾಣೆಯಲ್ಲಿ, ಇಲ್ಲವೆ ಸರ್ಕಾರದ ಸೈಬರ್ ಅಪರಾಧ ಪೋರ್ಟಲಿನಲ್ಲಿ ದೂರು ಕೊಡಿ.

ಮನೆಯಲ್ಲಿ ಯಾರಾದರೂ "ಇದು ನನ್ನನ್ನೇ ನೋಡುತ್ತಿದೆ" ಎಂದರೆ ಮೊದಲು ಪ್ಲಗ್ ಕೀಳಿ. ನಗುವುದಿದ್ದರೆ ಆಮೇಲೆ ನಗಬಹುದು.