ಅಳಿಸಿದ ಸದ್ದು

ಅವನನ್ನು ಎಲ್ಲರೂ ಬಾಚಣಿಗೆ ಎಂದೇ ಕರೆಯುತ್ತಿದ್ದರು. ತಲೆಗೂದಲಿಗೂ ಆ ಹೆಸರಿಗೂ ಸಂಬಂಧವಿಲ್ಲ, ಕೂದಲು ಎಂದೋ ಕೈಕೊಟ್ಟಿತ್ತು. ಸಂಗೀತದ ರೆಕಾರ್ಡಿಂಗುಗಳಿಂದ ಕೆಮ್ಮು, ಸೀನು, ಕುರ್ಚಿಯ ಕಿರ್ರೆಂಬ ಸದ್ದುಗಳನ್ನು ಹೇನಿನಂತೆ ಹೆಕ್ಕಿ ತೆಗೆಯುವುದು ಅವನ ಕಸುಬು. ಮೊಸರಲ್ಲಿ ಕಲ್ಲು ಹುಡುಕುವವರನ್ನು ಲೋಕ ಬೈಯುತ್ತದೆ. ಇವನಿಗೆ ಅದಕ್ಕೇ ಸಂಬಳ. ಬಾಚದ ರೆಕಾರ್ಡಿಂಗ್ ತನ್ನ ಕೋಣೆಯ ಹೊಸಿಲು ದಾಟಬಾರದು ಎಂಬುದು ಅವನ ಕಟ್ಟುನಿಟ್ಟು.

ಅಂದು ಸಂಜೆ ಎರಡು ಬೀದಿಯಾಚೆಯ ಸಭಾಂಗಣದಲ್ಲಿ ಸ್ಲಾವೊನಿಕ್ ಮಾಸ್ ಇತ್ತು. ಚರ್ಚಿನ ಪೂಜೆಯ ಮಾತುಗಳನ್ನು ಹಳೆಯ ಸ್ಲಾವೊನಿಕ್ ಭಾಷೆಯಲ್ಲಿ ಎಂಬತ್ತು ಕಂಠಗಳು ಒಟ್ಟಿಗೆ ಹಾಡುವ ದೊಡ್ಡ ಕೃತಿ ಅದು. ಹೆಂಡತಿ ಆ ಎಂಬತ್ತರಲ್ಲಿ ಒಬ್ಬಳು. ಅವಳ ಜಾಗ, ಹಾಡುವವರು ಮೆಟ್ಟಿಲುಮೆಟ್ಟಿಲಾಗಿ ನಿಲ್ಲುವ ಮರದ ಅಟ್ಟಣಿಗೆಯ ಕಟ್ಟಕಡೆಯ ಸಾಲು, ಎಡತುದಿ, ನೆಲದಿಂದ ಎರಡಾಳೆತ್ತರ.

"ಇವತ್ತಾದ್ರೂ ಬರ್ತೀರೇನ್ರೀ?" ಎಂದು ಕೇಳಿ ಹೋಗಿದ್ದಳು.

"ಕೆಮ್ಮೋರ ಮಧ್ಯೆ ಕೂತ್ಕೊಂಡು ನಂಗೆ ಹಿಂಸೆ ಕಣೇ. ರೆಕಾರ್ಡಿಂಗ್ ಬರ್ತದಲ್ಲ, ಕೇಳ್ತೀನಿ."

ಇಂಥ ಗಂಡನಿಗೆ ಏನು ಹೇಳುವುದು? ಅವಳು ಚಪ್ಪಲಿ ಮೆಟ್ಟಿ ಹೊರಟುಬಿಟ್ಟಳು.

ಅವನು ಕೋಣೆಯಲ್ಲಿ ಕೂತು ಅದೇ ಮಾಸಿನ ಮೂವತ್ತು ವರ್ಷ ಹಳೆಯ ರೆಕಾರ್ಡಿಂಗ್ ಹಾಕಿದ. ಅದೇ ಸಭಾಂಗಣ, ಅದೇ ಅಟ್ಟಣಿಗೆ, ಬೇರೆ ಕಂಠಗಳು. ಅದನ್ನು ಕೇಳುವಾಗ ಅವನು ಬೇರೆಯೇ ಮನುಷ್ಯನಾಗುತ್ತಿದ್ದ. ಕಹಳೆಗಳು ಏಳುತ್ತಿದ್ದಂತೆ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ಗಂಡಸರು ಗೊಗ್ಗರು ದನಿಯಲ್ಲಿ "ನಂಬುತ್ತೇನೆ" ಎಂದು ಮತ್ತೆ ಮತ್ತೆ ಹಾಡುವಾಗ, ನಂಬಿಕೆಯ ಗೋಜಿಗೇ ಹೋಗದ ಅವನ ತುಟಿಯೂ ಜೊತೆಗೆ ಆಡುತ್ತಿತ್ತು. ಕೊನೆಗೆ ಎಲ್ಲರೂ ಸುಮ್ಮನಾಗಿ, ಆರ್ಗನ್ ಎಂಬ ದೊಡ್ಡ ಕೊಳವೆವಾದ್ಯ ಒಂದೇ ನುಡಿಯುತ್ತದೆ. ಕಾಲಲ್ಲಿ ಒತ್ತುವ ಪೆಡಲಿನ ಅತಿ ಕೆಳಗಿನ ಸ್ವರಕ್ಕೆ ಇಡೀ ನೆಲ ನಡುಗುತ್ತದೆ. ಆಮೇಲಿನ ಮೌನದಲ್ಲಿ ಎಂಬತ್ತು ಜನ ಉಸಿರೆಳೆದುಕೊಳ್ಳುವುದು ಸಣ್ಣಗೆ ಕೇಳುತ್ತದೆ. ಆ ಉಸಿರಿಗಾಗಿಯೇ ಅವನು ಅದನ್ನು ನೂರು ಸಲ ಕೇಳಿದ್ದ.

ಇಂದು ಒಂದು ಅನುಮಾನ ಹೊಕ್ಕಿತು. ಈ ವಾರ ತಾನು ಬಾಚಿದ, ಹೆಂಡತಿಯ ತಂಡದ ರಿಹರ್ಸಲ್ಲಿನಲ್ಲಿ ಈ ಉಸಿರು ಯಾಕಿಲ್ಲ? ಹಾಕಿ ನೋಡಿದ. ಅದೇ ಜಾಗದಲ್ಲಿ ಮೌನ ಸತ್ತು ಬಿದ್ದಿತ್ತು. ಅಲ್ಲಿ ಏನನ್ನೋ ಒರೆಸಿ ಹಾಕಿದ್ದ. ಬಾಚದ ಮೂಲ ತೆಗೆದ.

ಕೆಳಸ್ವರ ಬಂತು. ಟಕ್. ಆಮೇಲೆ ಕಿರ್ರ್ ಎಂದು ಮರ ನರಳಿತು, ಎಡಮೂಲೆಯಿಂದ.

ಉಳಿದ ರಿಹರ್ಸಲ್ಲುಗಳ ಮೂಲವನ್ನೂ ಹಾಕಿದ. ಮೊದಲ ರಿಹರ್ಸಲ್ಲಿನಲ್ಲಿ ಒಂದು ಸಲ, ಎರಡನೆಯದರಲ್ಲಿ ನಾಲ್ಕು, ಮೂರನೆಯದರಲ್ಲಿ ಆರು. ಕೊನೆಯದಂತೂ ಮನುಷ್ಯ ನರಳಿದಷ್ಟು ಉದ್ದ. ಕೆಳಸ್ವರ ನಡುಗಿಸಿದಂತೆಲ್ಲ ಅಟ್ಟಣಿಗೆಯ ಮರ ಸೀಳುತ್ತಿತ್ತು. ಎಲ್ಲವನ್ನೂ ಗುರುತು ಹಾಕಿ ಅಳಿಸಿದ್ದು ತಾನೇ. ಆ ಮೂಲೆಯಲ್ಲಿ ಹೆಂಡತಿಯ ದನಿಯಿತ್ತು. ಅದು ತಿಳಿಯಾಗಿ ಕೇಳಲಿ ಎಂದು ಅಲ್ಲಿ ಇನ್ನಷ್ಟು ಮುತುವರ್ಜಿ ವಹಿಸಿದ್ದ.

ಅಟ್ಟಣಿಗೆ ನೋಡಿಕೊಳ್ಳುವ ಬಡಗಿ ಬಂದದ್ದು ನೆನಪಾಯಿತು. "ಹಿಂದಿನ ಸಾಲಿನೋರು ಏನೋ ಸದ್ದು ಅಂತಾರಣ್ಣ. ಅಟ್ಟಣಿಗೆ ಪೂರ್ತಿ ಬಿಚ್ಚೋಕೆ ಎರಡು ದಿನ ಬೇಕು, ಟೈಮಿಲ್ಲ. ರೆಕಾರ್ಡಿಂಗ್ ಕೊಡಿ, ಎಲ್ಲಿ ಅಂತ ಕೇಳಿ ಅಷ್ಟನ್ನೇ ಬಿಚ್ತೀನಿ," ಎಂದಿದ್ದ. ಇವನು ಕಟ್ಟುನಿಟ್ಟಿನ ಮನುಷ್ಯ, ಬಾಚಿದ್ದನ್ನೇ ಕೊಟ್ಟಿದ್ದ. ಬಡಗಿ ಕೇಳಿ, ಯಾವ ಸದ್ದೂ ಸಿಗದೆ, ಅಟ್ಟಣಿಗೆ ಗಟ್ಟಿಯಿದೆ ಎಂದು ಸಹಿ ಹಾಕಿದ್ದ. ಬೇಲಿಯೇ ಎದ್ದು ಹೊಲ ಮೇಯ್ದಂತಾಗಿತ್ತು.

ಗಡಿಯಾರ ನೋಡಿದ. ಮಾಸ್ ಶುರುವಾಗಿ ಇಪ್ಪತ್ತೈದು ನಿಮಿಷ. ಮೂವತ್ತೆರಡನೇ ನಿಮಿಷಕ್ಕೆ ಆರ್ಗನ್. ಹೆಂಡತಿಯ ಫೋನು ಆಫ್, ಬಡಗಿಯದು ಆಫ್, ಎಲ್ಲರದೂ ಆಫ್. ಅವನು ಓಡಿದ. ಐವತ್ತು ದಾಟಿದ ಮೇಲೆ ಬಸ್ಸಿಗೂ ಓಡದವನು ಅಂದು ಎರಡು ಬೀದಿ ಓಡಿದ.

ಬಾಗಿಲ ಮೇಲೆ ಕೆಂಪು ದೀಪ. ಕಾವಲಿನ ತಾತ ಅಡ್ಡ ನಿಂತ. "ರೆಕಾರ್ಡಿಂಗ್ ನಡೀತಿದೆ ಸ್ವಾಮಿ. ಕೆಂಪು ದೀಪ ಇದ್ದಾಗ ದೇವರು ಬಂದ್ರೂ ಬಿಡಬೇಡ ಅಂದೋರು ನೀವೇ."

"ತಾತ, ಅಟ್ಟಣಿಗೆ ಬೀಳುತ್ತೆ!"

"ಮೆಲ್ಲಗೆ ಮಾತಾಡಿ. ಮೈಕಿಗೆ ಕೇಳಿಸ್ತದೆ."

ಬಾಗಿಲಾಚೆ ಕಂಠಗಳು ಒಂದೊಂದಾಗಿ ಇಳಿದವು. ಆರ್ಗನ್ ಎದ್ದಿತು. ಬಾಚಣಿಗೆ ತಾತನನ್ನು ಪಕ್ಕಕ್ಕೆ ತಳ್ಳಿ ಒಳನುಗ್ಗಿದ. ಸಾವಿರ ಜನರ ನಡುವೆ ದಡದಡ ಓಡಿದ, ಕೂಗಿದ. ಆರ್ಗನ್ನಿನ ಅಬ್ಬರದಲ್ಲಿ ಕೂಗು ಅವನಿಗೇ ಕೇಳಿಸಲಿಲ್ಲ. ವೇದಿಕೆ ಹತ್ತಿ, ಅಟ್ಟಣಿಗೆಯ ಬದಿಯ ಮೆಟ್ಟಿಲೇರಿ ಹೆಂಡತಿಯ ತೋಳು ಹಿಡಿದೆಳೆದ. ಅವಳು ಕೊಸರಿದಳು, ಅವನ ಮುಖ ನೋಡಿದವಳೇ ಇಳಿದಳು. ಪಕ್ಕದವರು ಗಾಬರಿಯಾಗಿ ಹಿಂಬಾಲಿಸಿದರು. ಸಾಲು ಸಾಲೇ ಇಳಿಯಿತು. ಹಾಡಿಸುವ ನಿರ್ದೇಶಕಿ ಕೋಲೆತ್ತಿದ ಕೈಯಲ್ಲೇ ಕಲ್ಲಾಗಿ ನಿಂತಳು. ಮೇಲೆ, ಸಭೆಗೆ ಬೆನ್ನು ಹಾಕಿ ಕೂತ ಆರ್ಗನ್ ವಾದಕನಿಗೆ ಮಾತ್ರ ಇದ್ಯಾವುದರ ಪರಿವೆಯಿಲ್ಲ. ಅವನ ಪಾದ ಕೆಳಸ್ವರವನ್ನು ಒತ್ತಿತು.

ಎಡತುದಿ ಕುಸಿಯಿತು. ತೊಲೆ, ಹಲಗೆ, ಹಾಡಿನ ಪುಸ್ತಕಗಳು, ಎಲ್ಲ ಒಟ್ಟಿಗೆ ಬಿದ್ದವು. ಅದರಡಿ ಯಾರೂ ಇರಲಿಲ್ಲ.

ಧೂಳು ಅಡಗಿದ ಮೇಲೆ ನಿರ್ದೇಶಕಿ ಬಂದು ಅವನ ಎರಡೂ ಕೈ ಹಿಡಿದುಕೊಂಡಳು. "ಎಂಥಾ ಕಿವಿ ನಿಮ್ದು! ನಿಮ್ಮಿಂದ ಎಲ್ಲರ ಜೀವ ಉಳೀತು." ಜನ ಚಪ್ಪಾಳೆ ತಟ್ಟಿದರು. ಹೆಂಡತಿ ನಡುಗುತ್ತ ಅವನ ತೋಳಿಗೆ ಅಂಟಿಕೊಂಡಿದ್ದಳು. ಮದುವೆಯಾದ ಮೇಲೆ ನಾಲ್ಕು ಜನರೆದುರು ಹಾಗೆ ನಿಂತದ್ದು ಅದೇ ಮೊದಲು.

ಬಡಗಿ ಮುರಿದ ತೊಲೆಯ ಬಳಿ ಕುಕ್ಕರುಗಾಲಲ್ಲಿ ಕೂತಿದ್ದ. "ಸಹಿ ಹಾಕೋಕೆ ಕೈ ಹೇಗೆ ಬಂತಯ್ಯಾ?" ಎಂದು ಯಾರೋ ಅವನಿಗೆ ಗದರಿದರು. ಅವನು ತಲೆಯೆತ್ತಲಿಲ್ಲ. "ಮೂರು ಸಲ ಕೇಳ್ದೆ. ಏನೂ ಇರಲಿಲ್ಲ. ನನ್ನ ಕಿವೀನೇ ಹೋಗಿದೆ. ಇನ್ಮೇಲೆ ಉಳಿ ಮುಟ್ಟಲ್ಲ." ಆಮೇಲೆ ಬಾಚಣಿಗೆಯತ್ತ ತಿರುಗಿದ. ಕಣ್ಣು ಕೆಂಪಾಗಿದ್ದವು.

"ಅಣ್ಣ, ನೀವು ಕೇಳಿದ್ದೂ ನಂಗೆ ಕೊಟ್ಟಿದ್ದೂ ಒಂದೇ ಅಲ್ವಾ?"

ಎಲ್ಲರೂ ಅವನನ್ನೇ ನೋಡುತ್ತಿದ್ದರು. ಹೌದು ಎಂದರೆ ಮುಗಿಯುತ್ತಿತ್ತು, ಯಾರೂ ಕೇಳುತ್ತಿರಲಿಲ್ಲ.

"ಅಲ್ಲ," ಎಂದ ಬಾಚಣಿಗೆ. "ಆ ಸದ್ದು ನಂಗೆ ಮೊದಲೇ ಕೇಳಿಸಿತ್ತು. ಅಳಿಸಿ ನಿಂಗೆ ಕೊಟ್ಟೆ."

ಹೆಂಡತಿಯ ಕೈ ಅವನ ತೋಳಿನಿಂದ ಮೆಲ್ಲಗೆ ಸಡಿಲವಾಯಿತು.