ಕುರಿ ಡಾಕ್ಟರ ಲೇಖನ

ಪವಿತ್ರ ಹಿಡಿಮಣ್ಣು ಹಾಕಲೆಂದು ಗಂಡನನ್ನು ಇಳಿಸಿದ್ದ ಕುಣಿಯತ್ತ ಬಾಗಿದ್ದಳು. ಬದುವಿನಾಚೆಯಿಂದ ಕೂಗು ಕೇಳಿಸಿತು.

“ಡಾಕ್ಟ್ರೇ! ಲಗೂನ ಬರ್ರೀ ಡಾಕ್ಟ್ರೇ!”

ಓಡಿಬಂದ ಉಚ್ಚಂಗಮ್ಮ ಕುಣಿಯ ಅಂಚಿನಲ್ಲಿ ಗಕ್ಕನೆ ನಿಂತಳು. ತಾನು ಕರೆದವನು ಅದರೊಳಗೆ ಮಲಗಿದ್ದಾನೆಂಬುದು ಆಗ ನೆನಪಾಗಿ ಬಾಯಿಗೆ ಸೆರಗು ಒತ್ತಿಕೊಂಡಳು.

ಜಗಳೂರು ಸೀಮೆಯ ಕುರಿ ಡಾಕ್ಟರು ಭೀಮೇಶ್ ಹಿಂದಿನ ದಿನ ಎದೆನೋವೆಂದು ಕೂತವನು ಮತ್ತೆ ಏಳಲಿಲ್ಲ. ಅವನ ಮಣ್ಣಿಗೆ ಕುರಿಗಾರರೆಲ್ಲ ಬಂದಿದ್ದರು. ಉಚ್ಚಂಗಮ್ಮನ ಗಂಡ ಕೆಂಚೇಶ್ ಕುಣಿ ತೋಡುವ ಅವಸರದಲ್ಲಿ ಕುರಿ ರೊಪ್ಪದ ಬಾಗಿಲು ಹಾಕುವುದನ್ನೇ ಮರೆತಿದ್ದ. ಕುರಿಗಳು ಕಣಕ್ಕೆ ನುಗ್ಗಿ ಮೆಕ್ಕೆಜೋಳದ ರಾಶಿ ಮೇದಿದ್ದವು.

“ಹೊಟ್ಟೆ ಉಬ್ಬಿ ಬಿದ್ದಾವೆ ಅಮ್ಮಾರೆ,” ಎಂದಳು ಉಚ್ಚಂಗಮ್ಮ. “ನಮ್ಮ ಬದುಕೆಲ್ಲ ಅವೇ.”

“ಶೇಂಗಾ ಎಣ್ಣೆ ಕುಡಿಸಾನ ನಡಿ,” ಎಂದ ಕೆಂಚೇಶ್. “ಮೊದಲು ಡಾಕ್ಟ್ರೇ ಕುಡಿಸಿದ್ರಲ್ಲ.”

“ಎಣ್ಣೆ ಬ್ಯಾಡ,” ಎಂದಳು ಪವಿತ್ರ.

*

ಕಾಳು ಮೇದು ಹೊಟ್ಟೆಯುಬ್ಬಿದ ಕುರಿಗಳ ಬಗ್ಗೆ ಪಶುವೈದ್ಯರ ಪತ್ರಿಕೆಗೆಂದು ಭೀಮೇಶ್ ಬರೆದಿದ್ದ ಲೇಖನವನ್ನು ಹಿಂದೊಮ್ಮೆ ಓದಿ ಅವಳು ನಕ್ಕಿದ್ದಳು.

“ಇದೇನ್ರೀ, ಗಮನಿಸಲಾಯಿತು, ಕಂಡುಬಂದಿತು! ಚಳೀಲಿ ರೊಪ್ಪದಾಗೆ ಮಲಗಿದ್ದು ನೀವು. ನಿಮ್ಮ ಸುಳಿವೇ ಇಲ್ವಲ್ಲ? ನನಗೆ ಪ್ರೇಮಪತ್ರ ಬರೆದಿದ್ರೂ ಹಿಂಗೇ ಬರೀತಿದ್ರೇನೋ.”

“ಪ್ರೀತಿ ಉಂಟಾಗಿರುವುದು ಕಂಡುಬಂದಿದೆ ಅಂತ,” ಭೀಮೇಶನೂ ನಕ್ಕ.

“ಎಣ್ಣೆ ಕುಡಿಸಿದ ಕುರಿ ಸತ್ತಿದ್ದನ್ನೂ ಬರೆದೀರಲ್ಲ. ಹೆಸರು ಕೆಡಲ್ವಾ?”

“ಬಿಟ್ರೆ ಇನ್ನೊಬ್ಬ ಅದೇ ಎಣ್ಣೆ ಕುಡಿಸ್ತಾನೆ. ನಾನು, ನಾನು ಅಂತ ಬರೆದ್ರೆ ಓದೋರು ನನ್ನ ನಂಬ್ತಾರೆ ಪವಿ. ನನ್ನ ನಂಬೋದು ಬ್ಯಾಡ. ಏನು ಮಾಡಿದ್ದು, ಏನಾಯ್ತು, ಅದು ತಿಳಿದ್ರೆ ಸಾಕು. ನನ್ನ ಮುಖ ನೋಡದವರೂ ಮಾಡಂಗಿರಬೇಕು.”

*

“ನಾನು ನ್ಯಾಮತಿ ಕಡೆ ಪಶುವೈದ್ಯೆ, ಸುಚಿತ್ರಾ ಅಂತ.” ಗುಂಪಿನಿಂದ ಹುಡುಗಿಯೊಬ್ಬಳು ಮುಂದೆ ಬಂದಳು. “ಸರ್‌ನ ಒಮ್ಮೆಯೂ ನೋಡಿರಲಿಲ್ಲ. ಲೇಖನ ಓದಿದ್ದೆ, ಅದಕ್ಕೇ ಬಂದೆ. ಈ ಕೇಸು ನಾನಿನ್ನೂ ಮಾಡಿಲ್ಲ. ಆದ್ರೆ ಲೇಖನ ಫೋನಿನಾಗೈತೆ.”

ಪವಿತ್ರ ಹಿಡಿಯಲ್ಲಿದ್ದ ಮಣ್ಣನ್ನು ಕುಣಿಗೆ ಬಿಟ್ಟು ಹೊರಟಳು.

“ಮೈ ತೊಳಕೊಳ್ದೆ ಕುರಿ ಮುಟ್ಟಾಕೆ ಹೋಗ್ತಾಳೇನು!” ಯಾರೋ ಗೊಣಗಿದರು.

“ಹೋಗ್ಲಿ ಬಿಡ್ರಿ,” ಎಂದಳು ಭೀಮೇಶನ ತಾಯಿ ಅಜ್ಜಮ್ಮ. “ಅವನಿದ್ದಿದ್ರೆ ಇಷ್ಟೊತ್ತು ನಿಲ್ತಿದ್ನಾ?”

ಕಣದಲ್ಲಿ ಸುಚಿತ್ರಾ ಒಂದೊಂದೇ ಸಾಲು ಓದಿದಳು. “ಅಡುಗೆ ಸೋಡಾ ನೀರನ್ನು ನಿಧಾನವಾಗಿ ಕುಡಿಸಬೇಕು. ತಲೆಯನ್ನು ಹೆಚ್ಚು ಮೇಲೆತ್ತಬಾರದು. ನೀರು ಶ್ವಾಸಕೋಶ ಸೇರುವ ಸಾಧ್ಯತೆಯಿದೆ.”

ಕೆಂಚೇಶ್ ಕುರಿಯ ಮೂತಿಯನ್ನು ಕೆಳಗಿಳಿಸಿದ. “ಡಾಕ್ಟ್ರು ಹಿಂಗೆ ಮಾತಾಡ್ತಿರಲಿಲ್ಲ ಬಿಡ್ರಿ. ತಲಿ ಎತ್ತಬ್ಯಾಡಲೇ ಕತ್ತೆ ಅಂತಿದ್ರು.”

ಪವಿತ್ರಳ ತುಟಿಯಂಚು ಅಲುಗಿತು. ಆ ಬೈಗುಳವಿಲ್ಲದ ಸಾಲುಗಳು, ಅವನನ್ನು ಕಂಡೇ ಇರದ ಹುಡುಗಿಯ ಬಾಯಲ್ಲಿ, ಒಂದು ಕುರಿಯಿಂದ ಇನ್ನೊಂದು ಕುರಿಗೆ ತಡವರಿಸದೆ ಸಾಗುತ್ತಿದ್ದವು. ಪವಿತ್ರ ಸೋಡಾ ಕರಗಿಸುತ್ತ ಹೋದಳು.

ಹೊತ್ತು ಇಳಿಯುವಷ್ಟರಲ್ಲಿ ಎರಡು ಕುರಿ ಸತ್ತವು. ಉಳಿದವು ಒಂದೊಂದಾಗಿ ಎದ್ದು ನಿಂತವು.

“ಬರ್ಕೊಳ್ರಿ,” ಎಂದಳು ಪವಿತ್ರ ಸುಚಿತ್ರಾಳಿಗೆ. “ಸತ್ತವನ್ನೂ ಬರ್ಕೊಳ್ರಿ.”

ಕಣದ ಮೂಲೆಯಲ್ಲಿ ಉಬ್ಬರ ಇಳಿದ ಮುದಿ ಕುರಿಯೊಂದು ಕತ್ತು ಚಾಚಿ, ಹೊಟ್ಟೆಯಿಂದ ಮೇವನ್ನು ಬಾಯಿಗೆ ತಂದುಕೊಂಡು, ಮೆಲುಕು ಹಾಕತೊಡಗಿತು. ಉಚ್ಚಂಗಮ್ಮ ಅದರ ದವಡೆಗೆ ಅಂಗೈ ಹಚ್ಚಿ, ದವಡೆ ಆಡಿದಂತೆ ಕೈಯನ್ನೂ ಆಡಲು ಬಿಟ್ಟು ಕೂತಿದ್ದಳು.