ನಕ್ಷೆಯಲ್ಲಿ ಖಾಲಿ ಬಿಟ್ಟ ಜಾಗ

ಪಡಸಾಲೆಯ ಮೇಲಿನ ಕಿಂಡಿಗಳನ್ನು ತಂಗಿ ಸ್ಟೂಲು ಹತ್ತಿ ಒಂದೊಂದಾಗಿ ತೆರೆಯುತ್ತಿದ್ದಳು. ಕೆಳಗೆ ಬಿಳಿ ಬಟ್ಟೆ ಹೊದ್ದು ಅಣ್ಣ ಮಲಗಿದ್ದ.

“ಇಷ್ಟು ಜನ ಬೇಯ್ತಾ ಕೂತಿದ್ದಾರೆ, ಒಂದು ಟೇಬಲ್ ಫ್ಯಾನ್ ತರಬಾರದೇನೇ?” ಚಿಕ್ಕಮ್ಮ ಗದರಿದಳು.

“ಬಿಸಿಗಾಳಿ ಮೇಲೆ ಹೋಗಕ್ಕೆ ದಾರಿ ಕೊಟ್ರೆ ಸಾಕು ಚಿಕ್ಕಮ್ಮ. ಫ್ಯಾನ್ ತಂದ್ರೆ ಅಣ್ಣ ಎದ್ದು ಕೂತು ಬಯ್ತಾನೆ.”

ಅಳುತ್ತಿದ್ದವರೂ ನಕ್ಕುಬಿಟ್ಟರು. ಮೂವತ್ತು ವರ್ಷ ಅವನು ಮಾಡಿದ್ದು ಅದೇ ಕೆಲಸ. ಕಾರ್ಖಾನೆ, ಕಚೇರಿಗಳಿಗೆ ಬಿಸಿಲು ಗಾಳಿಗಳಿಂದಲೇ ತಂಪು, ಕಾವು, ಕರೆಂಟು ಒದಗಿಸುವ ನಕ್ಷೆ ಬರೆಯುವುದು. ಕೆಲಸಗಾರರು ಅವನಿಗೆ ಇಟ್ಟ ಹೆಸರು ಗಾಳಿ ಸಾಹುಕಾರ. ಲೆಕ್ಕ ಹಾಕುವವಳು, ಗೆರೆ ತಿದ್ದುವವಳು ತಂಗಿ; ತೀರ್ಮಾನ ಮಾತ್ರ ಅವನದು.

ಬಟ್ಟೆ ಕಾರ್ಖಾನೆಯ ಮಾಲೀಕರು ಹೂವಿಟ್ಟು ಅವಳನ್ನು ಬಾಗಿಲ ಬಳಿ ಕರೆದರು.

“ಇವತ್ತು ಕೇಳಬಾರದು ಕಣಮ್ಮ. ಆದ್ರೆ ನಾಳೆ ಸಾಮಾನಿಗೆ ಆರ್ಡರ್ ಕೊಡಬೇಕು. ಮೇಲೆ ಸೋಲಾರ್, ಬಾಯ್ಲರಿಗೆ ಬಿಸಿಲಲ್ಲಿ ಕಾಯಿಸಿದ ನೀರು, ಎಲ್ಲ ಸರಿ. ಬಟ್ಟೆ ಇಸ್ತ್ರಿ ಮಾಡೋ ಹಾಲಿನ ಜಾಗ ಮಾತ್ರ ನಿಮ್ಮಣ್ಣನ ನಕ್ಷೆಲಿ ಖಾಲಿ. ಅವರಿಗೇ ಗೊತ್ತಾಗಲಿಲ್ಲವೋ ಏನೋ. ಅದನ್ನ ಹಾಗೇ ಬಿಟ್ಟು, ನಾನು ಹೊಲಿಗೆ ಹಾಲಿಗೆ ಏಸಿ ಹಾಕಿಸಿಬಿಡ್ತೀನಿ.”

“ಸೋಲಾರ್ ಕರೆಂಟನ್ನೆಲ್ಲ ಅದೇ ನುಂಗುತ್ತೆ. ಇಸ್ತ್ರಿ ಹಾಲಿಗೆ?”

“ಆ ಹಬೆಗೆ ಏಸಿ ತಡೆಯುತ್ತಾ? ಅವರು ಹೇಗೋ ಹೊಂದ್ಕೊಂಡಿದ್ದಾರೆ.”

ಅವರ ಹಿಂದೆ ನಿಂತಿದ್ದ, ಅದೇ ಕಾರ್ಖಾನೆಯ ಇಸ್ತ್ರಿಯ ಹೆಂಗಸು ನೆಲ ನೋಡಿದಳು.

*

ವರ್ಷಗಳ ಹಿಂದೆ, ಬೇರೊಂದು ಕಾರ್ಖಾನೆಯಲ್ಲಿ ಅಣ್ಣ ಮಾಡಿದ ಮೊಟ್ಟಮೊದಲ ಇಸ್ತ್ರಿ ಹಾಲಿನಲ್ಲಿ ಲೆಕ್ಕವೆಲ್ಲ ಸರಿಯಿತ್ತು. ತಿಂಗಳು ಬಿಟ್ಟು ಅಣ್ಣ ತಂಗಿ ಹೋಗಿ ನೋಡಿದರೆ, ಗಾಳಿಕಿಂಡಿಗಳಿಗೆಲ್ಲ ಚಿಂದಿ ತುರುಕಿದ್ದರು.

“ಯಾರ್ರೀ ಇದು ಮಾಡಿದ್ದು?”

“ನಾವೇ ಸ್ವಾಮಿ,” ಎಂದಳು ಅಲ್ಲಿಯ ಮುದುಕಿ. “ನೀರು ಚಿಮುಕಿಸಿದ ಬಟ್ಟೆ, ಇಸ್ತ್ರಿ ಪೆಟ್ಟಿಗೆ ಮುಟ್ಟೋ ಮುಂಚೆನೇ ನಿಮ್ಮ ಗಾಳಿಗೆ ಒಣಗುತ್ತೆ. ಸುಕ್ಕು ಹೋಗಲ್ಲ. ಒಂದು ದಿನ ನಿಂತು ನೋಡಿ, ಗೊತ್ತಾಗುತ್ತೆ.”

ಅಣ್ಣ ಇಸ್ತ್ರಿ ಪೆಟ್ಟಿಗೆ ಹಿಡಿದು ನಿಂತ. ಸಂಜೆಯೊಳಗೆ ಅಂಗಿ ಹಿಂಡುವ ಹಾಗಾಗಿತ್ತು. ಗಾಳಿ ಬೇಕಾದದ್ದು ಇಸ್ತ್ರಿ ಮೇಜಿಗಲ್ಲ, ಅಲ್ಲಿ ನಿಂತವರ ಬೆನ್ನಿಗೆ. ತಪ್ಪು ತನ್ನದೇ ಎಂದು ಎಲ್ಲರೆದುರು ಒಪ್ಪಿಕೊಂಡ. ಆಮೇಲೆ, ತಾನೇ ಒಂದು ಪಾಳಿ ದುಡಿಯದ ಜಾಗಕ್ಕೆ ಅವನು ಒಂದೇ ಒಂದು ಗೆರೆ ಎಳೆದವನಲ್ಲ.

*

“ಗೊತ್ತಾಗದೆ ಬಿಟ್ಟಿದ್ದಲ್ಲ ಸರ್,” ಎಂದಳು ತಂಗಿ. “ಅಲ್ಲಿ ಅವನು ಇನ್ನೂ ನಿಂತಿರಲಿಲ್ಲ. ಅಷ್ಟರಲ್ಲಿ ಹಾಸಿಗೆ ಹಿಡಿದ. ನಾಳೆ ಬೆಳಗಿನ ಪಾಳಿಗೆ ನಾನು ನಿಲ್ತೀನಿ. ಸಂಜೆ ನಕ್ಷೆ ನಿಮ್ಮ ಟೇಬಲ್ ಮೇಲಿರುತ್ತೆ.”

“ನೀವಾ? ಮಣ್ಣು ಮಾಡಿದ ಮಾರನೇ ದಿನವೇ?”

“ಆರ್ಡರ್ ನಾಳೆ ಅಂದೋರು ನೀವೇ ಅಲ್ವಾ?”

ಮಾಲೀಕರು ಕತ್ತು ಸವರಿಕೊಂಡರು. “ಬೆಳಿಗ್ಗೆ ಆರು ಗಂಟೆಗೆ ಪಾಳಿ. ಆರೂಕಾಲು ಆದ್ರೆ ಏಸಿ.”

“ಐದೂವರೆಗೇ ಬರ್ತೀನಿ.”

ಸ್ಮಶಾನದಲ್ಲಿ ಇಸ್ತ್ರಿಯ ಹೆಂಗಸು ಜನರನ್ನು ಸರಿಸಿಕೊಂಡು ಪಕ್ಕಕ್ಕೆ ಬಂದಳು. ತಂಗಿಯ ಬಲಗೈ ಎಳೆದು ಅಂಗೈ ತಿರುವಿ ನೋಡಿದಳು.

“ಅಯ್ಯೋ, ಬರೀ ಪೆನ್ಸಿಲ್ ಹಿಡಿದ ಕೈ. ಮಧ್ಯಾಹ್ನದೊಳಗೆ ಬೊಬ್ಬೆ ಏಳುತ್ತೆ ಅಕ್ಕ. ಹಳೇ ಹತ್ತಿ ಬಟ್ಟೆ ಸುತ್ಕೊಂಡು ಬನ್ನಿ.”

“ನಿಮ್ಮ ಮೇಜು ಕೊಡ್ತೀರಾ?”

“ನಂದು ಮೂಲೇದು. ಅಲ್ಲೇ ಜಾಸ್ತಿ ಕಾವು.”

“ಅದೇ ಬೇಕು.”

“ಬಾರೇ, ಮಣ್ಣು ಹಾಕು,” ಚಿಕ್ಕಮ್ಮ ಕೂಗಿದಳು.

ತಂಗಿ ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡಳು. ಇಸ್ತ್ರಿಯ ಹೆಂಗಸು ಅವಳ ಮಣಿಕಟ್ಟನ್ನು ಇನ್ನೂ ಬಿಟ್ಟಿರಲಿಲ್ಲ. ಇಬ್ಬರ ಕೈಗಳೂ ಒಟ್ಟಿಗೇ ಗುಂಡಿಯ ಮೇಲೆ ಚಾಚಿದವು.